ನಮ್ಮ ತಾರಸಿಯ ದೂಳುಯಂತ್ರ

ನಮ್ಮ ಶಾವಿಗೆಗೂ ಪಕ್ಕದ ಗಿರಣಿಯ ಕಲ್ಲುಪುಡಿಗೂ ಬಣ್ಣ ಒಂದೇ, ಬಿಳಿ. ತೊಂದರೆ ಇದ್ದಿದ್ದೇ ಅಲ್ಲಿ. ಕಪ್ಪು ದೂಳಾಗಿದ್ದರೆ ಕಣ್ಣಿಗೆ ಕಾಣುತ್ತಿತ್ತು, ಕೊಡವಿ ತೆಗೆಯಬಹುದಿತ್ತು. ಇದು ಹಲ್ಲಿಗೆ ಸಿಕ್ಕಾಗಲೇ ಗೊತ್ತಾಗುವುದು.

ಶಿವಮೊಗ್ಗದ ಕೋಟೆಯಲ್ಲಿ ಅಂಗಡಿ ಇಟ್ಟಿರುವ ಕಾಶಮ್ಮನವರು ನಾವು ಒಯ್ದ ಶಾವಿಗೆಯ ಎಳೆಯೊಂದನ್ನು ಹಸಿಯಾಗಿಯೇ ಕಚ್ಚಿದರು. ಅವರ ದವಡೆ ಅರ್ಧಕ್ಕೇ ನಿಂತಿತು.

"ಶಂಶೂ, ಇದು ಕಟ್ಟಿಸಿಕೊಂಡ ಹಲ್ಲು ಕಣೆ. ಹಬ್ಬಕ್ಕೂ ಹೀಗೇ ತಂದ್ರೆ ನಾನು ದಾವಣಗೆರೆಯಿಂದ ತರಿಸ್ಕೋತೀನಿ."

ಶಂಶೂ ಎಂದರೆ ನನ್ನ ಅಮ್ಮಿ ಶಮ್ಸುನ್ನೀಸಾ. ಭದ್ರಾವತಿಯ ಹೊರಬದಿಯಲ್ಲಿರುವ ನಮ್ಮ ಮನೆಯ ತಾರಸಿಯೇ ಅವಳ ಕಾರ್ಖಾನೆ. ಅವಳ ಜೊತೆ ಹಿಟ್ಟು ನಾದಲು ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟೆ. ರಂಜಾನ್ ಹಬ್ಬದ ಶಾವಿಗೆಯನ್ನು ಕಾಶಮ್ಮ ಬೇಡವೆಂದರೆ ನಮ್ಮಿಂದ ಕೊಳ್ಳುವ ಬೇರೆ ಅಂಗಡಿಯಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮಿ ಆ ಕಟ್ಟನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಗಿರಣಿ ಷಣ್ಮುಖಪ್ಪನವರದು. ಬೆಣಚುಕಲ್ಲನ್ನು ಅರೆದು ಪುಡಿ ಮಾಡಿ ಲಾರಿಗೆ ತುಂಬಿಸುತ್ತಾರೆ. ಪರವಾನಗಿ ಕೊಡುವಾಗ ಮಾಲಿನ್ಯ ಮಂಡಳಿಯವರು ಷರತ್ತು ಹಾಕಿದ್ದಾರಂತೆ. ಅರೆಯುವಾಗ ನೀರು ಚಿಮುಕಿಸಬೇಕು, ಯಂತ್ರದ ಬಾಯಿ ಮುಚ್ಚಿರಬೇಕು, ಹತ್ತಿರದ ಮನೆಯ ಬಳಿ ಆಗಾಗ ಗಾಳಿಯ ದೂಳನ್ನು ಅಳೆಸಬೇಕು. ಹತ್ತಿರದ ಮನೆ ನಮ್ಮದು. ಹಾಗಾಗಿ ರವೀಂದ್ರನಗರದ ಲ್ಯಾಬಿನ ಜ್ಞಾನೇಶ್ ತಗಡಿನ ಪೆಟ್ಟಿಗೆಯಂಥ ಯಂತ್ರವೊಂದನ್ನು ತಂದು ನಮ್ಮ ತಾರಸಿಯಲ್ಲಿ ಒಂದು ದಿನ ಓಡಿಸಿ ಒಯ್ಯುತ್ತಿದ್ದರು. ಅದಕ್ಕೆ ಪುಟ್ಟ ಮನೆಯಂತೆ ಇಳಿಜಾರು ಸೂರು.

ಯಂತ್ರ ತಾರಸಿಯಲ್ಲಿ ಇರುವಷ್ಟು ಹೊತ್ತು ಗಿರಣಿಯದು ಹೊಸ ಸೊಸೆಯ ನಡತೆ. ನೀರು ಚಿಮ್ಮುತ್ತದೆ, ಮುಚ್ಚಳ ಮುಚ್ಚಿರುತ್ತದೆ, ಲಾರಿಗಳು ಟಾರ್ಪಾಲು ಹೊದ್ದುಕೊಳ್ಳುತ್ತವೆ. ಜ್ಞಾನೇಶ್ ಯಂತ್ರ ಹೊತ್ತು ಮೆಟ್ಟಿಲಿಳಿದರೆ ಸಾಕು, ಪಂಪು ಬಂದ್. ಅಂಥ ದಿನ ಒಣಗಿದ ಶಾವಿಗೆ ಮಾತ್ರ ಕಾಶಮ್ಮನವರ ಹಲ್ಲಿಗೆ ಪಾಸಾಗುತ್ತಿತ್ತು.

ನಾನು ಮಾತಾಡುವುದು ಕಡಿಮೆ. ಹೊಸಬರ ಮುಂದಂತೂ ಬಾಯಿ ಒಣಗುತ್ತದೆ. ಆದರೆ ಅವತ್ತು ಬಸ್ಸಿಳಿದು ಮನೆಗೆ ಬಂದು ಊಟಕ್ಕೆ ಕೂತಾಗ ನನ್ನ ಬಾಯಿಂದ ತಾನಾಗಿ ಬಂತು:

"ಆ ಮಶೀನು ಇಲ್ಲೇ ಇದ್ದುಬಿಟ್ಟಿದ್ರೆ?"

ಅಣ್ಣ ಆತಿಫ್ ರೊಟ್ಟಿಯನ್ನು ತಟ್ಟೆಗೆ ಇಟ್ಟ. ಅವನಿಗೆ ಗಾಡಿ ರಿಪೇರಿಯ ಗ್ಯಾರೇಜಿದೆ. ಯಾರೂ ಬಂದು ಒಯ್ಯದ ಸಾಮಾನುಗಳೂ ಅಲ್ಲಿ ರಾಶಿ ಬಿದ್ದಿವೆ. ಹಳೇ ಕೂಲರಿನ ತಗಡು ಸೂರಾಯಿತು, ಕೂಲರಿನ ಮೋಟಾರು ಗುಂಯ್ ಎನ್ನತೊಡಗಿತು, ಪಕ್ಕಕ್ಕೆ ಲೂನಾದ ಸೈಲೆನ್ಸರ್ ಕೂತಿತು. ಬೂದುಬಣ್ಣ ಬಳಿದು, ಕಣ್ಣು ಮಿಟುಕಿಸುವ ಕೆಂಪು ದೀಪ ಸಿಕ್ಕಿಸಿದಾಗ ಅದು ಅಸಲಿಗಿಂತ ಹೆಚ್ಚು ಸರ್ಕಾರಿಯಾಗಿ ಕಂಡಿತು.

ಅಮ್ಮಿ ಒಂದೇ ಷರತ್ತು ಹಾಕಿದಳು. ರೋಜಾ ಉಪವಾಸದ ತಿಂಗಳು ಬರುತ್ತಿದೆ, ಈ ಮನೆಯಲ್ಲಿ ಯಾರೂ ಸುಳ್ಳು ಹೇಳುವಂತಿಲ್ಲ. ಪೆಟ್ಟಿಗೆಯ ಮೇಲೆ ಒಂದಕ್ಷರವನ್ನೂ ಬರೆಯುವಂತಿಲ್ಲ.

"ಹಂಗಾದ್ರೆ ಕೇಳೋಕೆ ಬಂದವರ ಮುಂದೆ ಸಿದ್ರಾನ್ನ ನಿಲ್ಲಿಸಿ. ಇವಳು ನಿಜಾನೂ ಹೇಳಲ್ಲ" ಎಂದ ಆತಿಫ್, ನನ್ನತ್ತ ಬೆರಳು ತೋರಿಸಿ.

ಷಣ್ಮುಖಪ್ಪನವರ ಬುಲೆಟ್ ಸದ್ದು ಕೇಳಿದ ಕೂಡಲೇ ಸ್ವಿಚ್ ಹಾಕುವುದೂ ನನ್ನ ಪಾಲಿಗೆ ಬಂತು.

ಅವರು ಬಂದೇ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಪೆಟ್ಟಿಗೆಯಿಂದ ಮಾರು ದೂರ ನಿಂತರು, ನಾಯಿ ಕಚ್ಚುತ್ತದೋ ಇಲ್ಲವೋ ಎಂದು ನೋಡುವವರಂತೆ.

"ಯಾರಮ್ಮ ಇಟ್ಟಿದ್ದು ಇದನ್ನ? ಪೊಲ್ಯೂಷನ್ ಬೋರ್ಡಿನವರಾ?"

ನಾನು ದುಪಟ್ಟಾದ ತುದಿ ಹಿಡಿದು ನೆಲ ನೋಡಿದೆ. ನಾಟಕವೇನಲ್ಲ, ನಾನಿರುವುದೇ ಹಾಗೆ.

ಅವರ ದನಿ ಇಳಿಯಿತು. "ಹೇಳ್ಬಾರ್ದು ಅಂದಿದಾರಾ?"

ನಾನು ಇನ್ನಷ್ಟು ನೆಲ ನೋಡಿದೆ.

"ಸರಿ ಬಿಡು ತಾಯಿ. ಪಾಪ, ನಿನಗ್ಯಾಕೆ ತೊಂದ್ರೆ" ಎಂದು ಪಿಸುಗುಟ್ಟಿ, ಚಪ್ಪಲಿ ಸದ್ದಾಗದಂತೆ ಮೆಟ್ಟಿಲಿಳಿದರು. ಅವರು ಗಿರಣಿ ಮುಟ್ಟುವುದರೊಳಗೆ ನೀರು ಚಿಮ್ಮತೊಡಗಿತ್ತು. ಬಹುಶಃ ದಾರಿಯಿಂದಲೇ ಫೋನು ಮಾಡಿದ್ದರು.

ರೋಜಾದ ತಿಂಗಳಲ್ಲಿ ಹಗಲು ಶಾವಿಗೆ ಕಚ್ಚಿ ನೋಡುವಂತಿಲ್ಲ. ಸಂಜೆ ಖರ್ಜೂರ ತಿಂದು ನೀರು ಕುಡಿದ ಮೇಲೆ ಮೂವರೂ ಒಂದೊಂದು ಹಸಿ ಎಳೆ ಕಚ್ಚಿ, ಒಬ್ಬರ ದವಡೆಯನ್ನೊಬ್ಬರು ನೋಡುತ್ತಿದ್ದೆವು. ಒಂದು ಸಂಜೆಯೂ ಕರಕರ ಎನ್ನಲಿಲ್ಲ.

ಅಷ್ಟರಲ್ಲಿ ಗಿರಣಿಯ ಪರವಾನಗಿ ನವೀಕರಣ ಬಂತು. ಜ್ಞಾನೇಶ್ ಅಸಲಿ ಯಂತ್ರ ಹೊತ್ತು ತಂದರು, ಹಿಂದೆಯೇ ಷಣ್ಮುಖಪ್ಪನವರು. ನಾನು ಸ್ವಿಚ್ ಹಾಕಿ ಪಕ್ಕಕ್ಕೆ ಸರಿದೆ. ಜ್ಞಾನೇಶ್ ನಮ್ಮ ಪೆಟ್ಟಿಗೆಯನ್ನು ಒಂದು ಸುತ್ತು ಬಂದರು. ಬಗ್ಗಿ ಸೈಲೆನ್ಸರನ್ನು ನೋಡಿದರು, ಬಹಳ ಹೊತ್ತು ನೋಡಿದರು.

"ಇದು ನಿಮ್ಮದಲ್ವಾ?" ಷಣ್ಮುಖಪ್ಪನವರು ಕೇಳಿದರು.

"ನಮ್ಮದಲ್ಲ ಸಾರ್."

"ಮತ್ತೆ ಬೋರ್ಡಿಂದಾ?"

ನಾನು ತಲೆಯೆತ್ತಿ ಜ್ಞಾನೇಶರ ಮುಖ ನೋಡಿದೆ. ಹೊರಗಿನವರ ಮುಖವನ್ನು ಅಷ್ಟು ನೇರವಾಗಿ ನಾನು ಎಂದೂ ನೋಡಿದವಳಲ್ಲ. ಅವರು ಒಣಗಲು ಹಾಕಿದ್ದ ಶಾವಿಗೆ ನೋಡಿದರು, ಆಚೆ ಚಿಮ್ಮುತ್ತಿದ್ದ ನೀರು ನೋಡಿದರು, ಮೂಗು ಉಜ್ಜಿಕೊಂಡರು.

"ಇದರ ವಿಷಯ ನಾನು ಮಾತಾಡೋ ಹಾಗಿಲ್ಲ ಸಾರ್."

ಷಣ್ಮುಖಪ್ಪನವರು ಬೆವರು ಒರೆಸಿಕೊಂಡರು.

ಮರುದಿನ ಯಂತ್ರ ಒಯ್ಯುವಾಗ ಜ್ಞಾನೇಶ್ ಮೆಟ್ಟಿಲ ಬಳಿ ನಿಂತು ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ಆ ಸೈಲೆನ್ಸರಿಗೆ ಇನ್ನೊಂದು ಕೋಟ್ ಪೇಂಟ್ ಹೊಡೆಸಿ ಮಾರಾಯ್ತಿ. ಲೂನಾದ್ದು ಅಂತ ಗೊತ್ತಾಗುತ್ತೆ."

ಹಬ್ಬಕ್ಕೆ ಮುಂಚೆ ಕೋಟೆಗೆ ಹೋದೆವು. ಕಾಶಮ್ಮನವರು ಎಳೆ ಕಚ್ಚಿದರು, ಅಗಿದರು, ಇನ್ನೊಂದು ತೆಗೆದುಕೊಂಡರು, ಅದನ್ನೂ ಅಗಿದರು. ಆಮೇಲೆ ಇಡೀ ಮೂಟೆಯನ್ನು ಗಲ್ಲಾದ ಹಿಂದಕ್ಕೆ ಎಳೆದುಕೊಂಡರು.

ಮನೆಗೆ ಬಂದಾಗ ಆಕಾಶದಲ್ಲಿ ಬೇಸಿಗೆ ಮಳೆಯ ಮೋಡ. ಬಾಗಿಲಲ್ಲಿ ಷಣ್ಮುಖಪ್ಪನವರ ವಾಚ್‌ಮನ್ ಹೊಸ ನೀಲಿ ಟಾರ್ಪಾಲು ಹಿಡಿದು ಕಾದಿದ್ದ. ಮಳೆಗೆ ಮಶೀನು ಕೆಟ್ಟು ತಪ್ಪು ಲೆಕ್ಕ ತೋರಿಸಿದರೆ ಕಷ್ಟ, ಚೆನ್ನಾಗಿ ಹೊದಿಸಲು ಯಜಮಾನರು ಹೇಳಿದ್ದಾರೆ ಎಂದ.

ನಾನು ತಲೆಯಾಡಿಸಿ ಇಸಿದುಕೊಂಡೆ. ಪೆಟ್ಟಿಗೆಗೆ ಗೋಣಿಚೀಲ ಸಾಕಾಯಿತು. ಟಾರ್ಪಾಲು ಶಾವಿಗೆಯ ಮೇಲೆ ಚಪ್ಪರ ಹಾಕುವಷ್ಟು ದೊಡ್ಡದಿತ್ತು.