ಕೊನೆಯ ಸಾಲಿನಲ್ಲಿ ಫಿಕ್ರಿಯಾ

“ಕೈರೋದಲ್ಲಿ ಏನು ಬೇಕಾದ್ರೂ ಹೇಳ್ಕೋ. ಈ ಊರಲ್ಲಿ ಮಾತ್ರ ಅವಳ ಹೆಸರೆತ್ತಬೇಡ,” ಎಂದಳು ಗಲೀಲಮ್ಮ, ತನ್ನ ಕಾಫಿಗೆ ನಾಲ್ಕನೆಯ ಚಮಚ ಸಕ್ಕರೆ ಸುರಿಯುತ್ತ.

“ಅಮ್ಮಾ, ಅದು ಕಾಫಿನೋ, ಪಾಕನೋ?” ಎಂದಳು ಮಗಳು ಇನ್ಶಿರಾಹ್.

“ಮಾತು ಹಾರಿಸ್ಬೇಡ. ನಿಮ್ಮಪ್ಪನ ಗೋರಿ ಇಲ್ಲೇ ಇದೆ. ದಿನಾ ಅದರ ಮುಂದೆ ಓಡಾಡೋಳು ನಾನು, ನೀನಲ್ಲ.”

ತಾಯಿ ಮಗಳ ಈ ಜಗಳ ನಡೆದದ್ದು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ. ನಾನು ರತೀಬಾ, ಅವರ ನೆರೆಯವಳು. ಇನ್ಶಿರಾಹ್ ಕೈರೋದಲ್ಲಿ ಪಾಠ ಹೇಳುತ್ತಾಳೆ, ಒಂಬತ್ತು ಪುಸ್ತಕ ಬರೆದಿದ್ದಾಳೆ, ಹೆಂಗಸರ ಪರವಾಗಿ ಎಲ್ಲೆಲ್ಲೋ ಭಾಷಣ ಮಾಡಿದ್ದಾಳೆ. ನಾನು ಮೂವತ್ತನೆಯ ವಯಸ್ಸಿನಲ್ಲಿ ಅಕ್ಷರ ಕೂಡಿಸಿ ಓದಿದ್ದು ಅವಳ ಮೊದಲ ಪುಸ್ತಕವನ್ನೇ. ಈಗ ಕಾಲುವೆಯ ದಂಡೆಯ ಮೇಲಿನ ಒಂದು ಕೋಣೆಯಲ್ಲಿ ಹೆಂಗಸರಿಗೆ ಓದು ಕಲಿಸುತ್ತೇನೆ. ಹುಟ್ಟಿದೂರಲ್ಲಿ ಒಂದೇ ಒಂದು ಸಲ ಮಾತಾಡು ಎಂದು ಅವಳನ್ನು ಕರೆದು ತಂದವಳೂ ನಾನೇ.

ಹೆಸರೆತ್ತಬಾರದ ಆ ‘ಅವಳು’ ಇನ್ಶಿರಾಹ್‌ಳ ಸೋದರತ್ತೆ ಫಿಕ್ರಿಯಾ. ಐವತ್ತು ವರ್ಷದ ಹಿಂದೆ ಕಾಲುವೆಗೆ ಕಾಲು ಜಾರಿ ಬಿದ್ದಳು ಎಂದಿತು ಊರು. ನೂಕಿದವನು ಅವಳ ಅಣ್ಣ, ಇನ್ಶಿರಾಹ್‌ಳ ಅಪ್ಪ. ಅದು ಎಲ್ಲರಿಗೂ ಗೊತ್ತಿತ್ತು. ಸಾವಾದರೆ ನಮ್ಮಲ್ಲಿ ಚಾಪೆ ಹಾಸಿ, ಬಂದವರಿಗೆ ಸಕ್ಕರೆ ಹಾಕದ ಕಾಫಿ ಕೊಡುತ್ತಾರೆ. ಮಾನ ಕಳೆದವಳೆಂದು ಫಿಕ್ರಿಯಾಗೆ ಯಾರೂ ಚಾಪೆ ಹಾಸಲಿಲ್ಲ, ಕಾಫಿಗೆ ಒಲೆ ಹಚ್ಚಲಿಲ್ಲ.

ಇನ್ಶಿರಾಹ್‌ಳ ಪ್ರತಿ ಭಾಷಣ ಶುರುವಾಗುವುದು ಆ ಸಾವಿನಿಂದಲೇ.

ತಾಯಿ ಮುಂದೆ ಹೋದ ಮೇಲೆ, ತರಗತಿಯ ದಾರಿಯಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು.

“ರತೀಬಾ, ನಕ್ಕುಬಿಡಬೇಡ. ಎಲ್ಲಿ ಮಾತಾಡಿದ್ರೂ ಕೊನೇ ಸಾಲಲ್ಲಿ ಅವಳು ಕೂತಿರ್ತಾಳೆ. ಕರೀ ಶಾಲು, ನೀರು ತೊಟ್ಟಿಕ್ತಿರುತ್ತೆ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ತಾರೆ, ಅವಳು ತಟ್ಟಲ್ಲ. ಇನ್ನೂ ಏನೋ ಬಾಕಿ ಇದೆ ಅನ್ನೋ ಹಾಗೆ ನನ್ನನ್ನೇ ನೋಡ್ತಿರ್ತಾಳೆ.”

“ಏನು ಬಾಕಿ?”

ಅವಳು ನನ್ನ ಕೈ ಬಿಟ್ಟು ತರಗತಿಯ ಬಾಗಿಲ ಕಡೆ ನಡೆದಳು.

ಮಧ್ಯಾಹ್ನದ ನಮಾಜು ಮುಗಿಯುವಷ್ಟರಲ್ಲಿ ಕೋಣೆ ತುಂಬಿತ್ತು. ಎದೆಹಾಲಿನ ಕೂಸುಗಳು, ಕಲ್ಲಂಗಡಿ ಬೀಜ ಸುಲಿಯುವ ಸದ್ದು. “ಕೈರೋದವಳು ಬಂದಳಮ್ಮ, ಇನ್ನು ನಮ್ಮ ಗಂಡಂದಿರಿಗೆ ಯಾರು ಅಡುಗೆ ಮಾಡ್ತಾರೋ!” ಎಂದು ಯಾರೋ ಕೂಗಿ ಎಲ್ಲರನ್ನೂ ನಗಿಸಿದಳು. ಗಲೀಲಮ್ಮ ಮಾತ್ರ ನಗಲಿಲ್ಲ. ಕಾಫಿ ಒಲೆ ತಾನು ನೋಡಿಕೊಳ್ಳುತ್ತೇನೆಂದು ಬಾಗಿಲ ಬಳಿ ಕುಳಿತಿದ್ದಳು. ಹಿಂದಿನ ಬೆಂಚು ಖಾಲಿಯಿತ್ತು. ಇನ್ಶಿರಾಹ್ ಅದನ್ನೇ ನೋಡುತ್ತ ಎದ್ದು ನಿಂತಳು.

“ಫಿಕ್ರಿಯಾ ನನ್ನತ್ತೆ,” ಎಂದಳು. ಬೀಜ ಸುಲಿಯುವ ಸದ್ದು ನಿಂತಿತು. “ಮೇಷ್ಟ್ರ ಮನೆಗೆ ಅಕ್ಷರ ಕಲಿಯೋಕೆ ಹೋಗ್ತಿದ್ದಳು. ಮೇಷ್ಟ್ರ ತಾಯಿ ಅಲ್ಲೇ ಕೂತಿರ್ತಿದ್ದರು. ಒಂಟಿ ಹೆಣ್ಣು ಹೊರಗೆ ಹೋಗಬಾರದಲ್ಲ, ಅದಕ್ಕೆ ಜೊತೆಗೊಂದು ಮಗು. ಆ ಮಗು ನಾನು.”

ಒಂಬತ್ತು ಪುಸ್ತಕಗಳಲ್ಲಿ ನಾನು ಈ ಮಗುವನ್ನು ಕಂಡಿರಲಿಲ್ಲ.

“ಒಂದು ದಿನ ಮೇಷ್ಟ್ರು ನನಗೆ ಎಳ್ಳುಮಿಠಾಯಿ ಕೊಟ್ಟರು. ಸಂಜೆ ನಮ್ಮಪ್ಪ ನನ್ನ ಬಾಯಿ ಒರೆಸ್ತಾ ಕೇಳಿದ, ‘ಯಾರು ಕೊಟ್ಟರು ಕಂದಾ?’ ಅಂತ. ಹೇಳಿದೆ. ‘ಅತ್ತೆ ಎಷ್ಟು ದಿನದಿಂದ ಹೋಗ್ತಾಳೆ?’ ಅಂದ. ಬೆರಳು ಮಡಚಿ ಮಡಚಿ ಎಣಿಸಿ ತೋರಿಸಿದೆ. ಎಣಿಸೋಕೆ ಬರುತ್ತೆ ಅಂತ ಜಂಬ ನನಗೆ. ‘ಅಪ್ಪನಿಗೆ ಯಾರೋ ಹೇಳಿದರು’ ಅಂತ ಮೂವತ್ತು ವರ್ಷ ಬರೆದೆ. ಆ ಯಾರೋ ನಾನು.”

ಚಪ್ಪಾಳೆ ಬರಲಿಲ್ಲ. ಕೂಸೊಂದು ಅತ್ತು ತಾನಾಗಿಯೇ ಸುಮ್ಮನಾಯಿತು. ಕಾಲುವೆಯ ನೀರಿನ ಸದ್ದು ಒಳಗೆಲ್ಲ ಕೇಳುತ್ತಿತ್ತು.

“ನಿನಗೆ ಏಳು ವರ್ಷ,” ಎಂದಳು ಗಲೀಲಮ್ಮ ಕೂತಲ್ಲಿಂದಲೇ. “ನನಗೆ ಇಪ್ಪತ್ತೇಳು. ಬಾಗಿಲ ಹಿಂದೆ ನಿಂತು ಎಲ್ಲಾ ಕೇಳಿಸ್ಕೊಂಡೆ. ಅವಳು ಹಿತ್ತಲಲ್ಲಿ ರೊಟ್ಟಿ ಬೇಯಿಸ್ತಿದ್ದಳು. ಹತ್ತು ಹೆಜ್ಜೆ ಇಟ್ಟು ‘ಓಡಿಹೋಗೇ’ ಅನ್ನಬಹುದಿತ್ತು. ಅನ್ನಲಿಲ್ಲ.”

“ಅಮ್ಮಾ...”

“ಸುಮ್ನಿರು. ರತೀಬಾ, ಆ ಸಕ್ಕರೆ ಡಬ್ಬ ತೆಗೆದು ಆಚೆಗಿಡು.”

ಡಬ್ಬ ಎತ್ತಿ ಕಪಾಟಿನಲ್ಲಿಟ್ಟೆ. ಗಲೀಲಮ್ಮ ಪುಡಿ ಹಾಕಿ, ಉಕ್ಕು ಬರುವವರೆಗೆ ಕಾದು, ಪುಟ್ಟ ಬಟ್ಟಲುಗಳಿಗೆ ಸುರಿದಳು. ತಟ್ಟೆ ಹಿಡಿದು ಸಾಲು ಸಾಲಾಗಿ ಹೋದಳು. ಒಬ್ಬಳೂ ಬೇಡವೆನ್ನಲಿಲ್ಲ. ಕೊನೆಯ ಬಟ್ಟಲನ್ನು ತಾನು ತೆಗೆದುಕೊಂಡು ಹಿಂದಿನ ಖಾಲಿ ಬೆಂಚಿನ ಒಂದು ತುದಿಗೆ, ಪಕ್ಕದಲ್ಲಿ ಜಾಗ ಬಿಟ್ಟು ಕುಳಿತಳು. ನಾಲ್ಕು ಚಮಚ ಸಕ್ಕರೆಯ ಆ ಹೆಂಗಸು ಮುಖ ಸಿಂಡರಿಸಿಕೊಂಡು, ತಳದ ಚರಟದವರೆಗೂ ಕುಡಿದಳು.