ತಕ್ಕಡಿಗೆ ಏರದ ಲೋಟ

ನನ್ನ ಸೋದರಮಾವ ಹಾಕುತ್ತಿದ್ದ ಬೂದು ಬಣ್ಣದ ಕೋಟಿನ ಎಡಜೇಬಿನಲ್ಲಿ ಹಿತ್ತಾಳೆಯ ತೂಕದ ಕಲ್ಲುಗಳ ಪುಟ್ಟ ಪೆಟ್ಟಿಗೆ ಇರುತ್ತಿತ್ತು. ಅದರ ಭಾರಕ್ಕೆ ಕೋಟು ಒಂದು ಕಡೆ ಜೋಲಬಾರದೆಂದು ಬಲಜೇಬಿನಲ್ಲಿ ಅಷ್ಟೇ ತೂಕದ ಒಂದು ನದಿಗಲ್ಲನ್ನು ಇಟ್ಟುಕೊಂಡಿರುತ್ತಿದ್ದರು. ಹೀಗೆ ಎರಡೂ ಕಡೆ ಸಮನಾಗಿ ಹೊತ್ತು, ಭುಜ ಒಂದಿಷ್ಟೂ ವಾಲದಂತೆ, ತಲೆಯ ಮೇಲೆ ತುಂಬಿದ ಕೊಡವಿದೆಯೇನೋ ಎಂಬಷ್ಟು ಎಚ್ಚರದಲ್ಲಿ ಅವರು ನಡೆಯುತ್ತಿದ್ದರು. ತೂಕದ ಯಂತ್ರಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಮಕ್ಕಳ ಜಗಳಕ್ಕೆ ತೀರ್ಪು ಕೇಳಿದರೂ "ತಡೀರಿ, ಮುಳ್ಳು ಎಲ್ಲಿ ನಿಲ್ಲುತ್ತೋ ನೋಡೋಣ" ಎನ್ನುತ್ತಿದ್ದುದರಿಂದ ನಮಗೆಲ್ಲ ಅವರು ಮುಳ್ಳುಮಾವ.

ಸಕ್ಕರೆ ಕಾಯಿಲೆ ಬಂದಿದೆಯೆಂದು ಗೊತ್ತಾದ ದಿನವೇ ಅಡುಗೆಮನೆಗೆ ಒಂದು ತಕ್ಕಡಿ ಬಂತು. ಮೊದಲು ಖಾಲಿ ತಟ್ಟೆಯನ್ನು ಅದರ ಮೇಲಿಟ್ಟು ಗುಂಡಿ ಒತ್ತುವರು. ತಟ್ಟೆಯ ಭಾರವನ್ನು ತಕ್ಕಡಿ ಮರೆತು ಸೊನ್ನೆ ತೋರಿಸಿದ ಮೇಲೆ ಅನ್ನ ಬಡಿಸಿಕೊಳ್ಳುವರು. ಬೆಳಗಿನ ಕಾಫಿಗೆ ಮೂರೇ ಗ್ರಾಂ ಸಕ್ಕರೆ. ಚಮಚಕ್ಕೆ ಅಂಟಿದ ಹರಳನ್ನೂ ಕೊಡವಿ ಡಬ್ಬಿಗೆ ಹಾಕುವರು. "ನಾನು ಸಂಸಾರ ಮಾಡ್ತಿದೀನೋ ಔಷಧಿ ಅಂಗಡಿ ಇಟ್ಟಿದೀನೋ ನನಗೇ ತಿಳೀತಿಲ್ಲ ಕಣೇ" ಎಂದು ಅತ್ತೆ ನನ್ನ ಮುಂದೆ ನಗುತ್ತಿದ್ದರು.

ಆ ನಗು ಬಹಳ ದಿನ ಉಳಿಯಲಿಲ್ಲ. ಮಾವನ ಊಟ ಇಳಿಯುತ್ತ ಹೋದಂತೆ ರಕ್ತದ ಸಕ್ಕರೆ ಏರುತ್ತ ಹೋಯಿತು. ಮಾತ್ರೆ ಬದಲಾಯಿತು, ಹೆಚ್ಚಾಯಿತು. ಡಾಕ್ಟರು ತಲೆ ಕೆರೆದುಕೊಂಡರು. ಕೊನೆಗೆ ಕಣ್ಣಿನ ಡಾಕ್ಟರು ಬಲಗಣ್ಣಿನ ಹಿಂಬದಿಯಲ್ಲಿ ರಕ್ತ ಜಿನುಗುತ್ತಿದೆ, ಹೀಗೇ ಆದರೆ ದೃಷ್ಟಿ ಹೋಗುತ್ತದೆ ಎಂದರು. ಮಾವ ಮುಳ್ಳು ನೋಡುತ್ತಿದ್ದುದು ಆ ಕಣ್ಣಿನಿಂದಲೇ. ಹೆದರಿದ ಮನುಷ್ಯ ಮೊದಲು ಅನುಮಾನಿಸಿದ್ದು ಯಂತ್ರವನ್ನು. ಪೆಟ್ಟಿಗೆ ಹಿಡಿದು ರಕ್ತ ಪರೀಕ್ಷೆಯ ಲ್ಯಾಬಿಗೇ ಹೋದರು.

"ಸಾರ್, ಇದು ರಕ್ತ ನೋಡೋ ಮೆಷಿನ್ನು. ಇದರ ಮೇಲೆ ಕಲ್ಲು ಇಡೋಕಾಗಲ್ಲ" ಎಂದಳಂತೆ ಅಲ್ಲಿನ ಹುಡುಗಿ.

"ಹಾಗಾದ್ರೆ ಇದು ಸುಳ್ಳು ಹೇಳಿದ್ರೆ ಹಿಡಿಯೋರು ಯಾರಮ್ಮ?"

ಇನ್ನೆರಡು ಲ್ಯಾಬುಗಳೂ ಅದೇ ಅಂಕಿ ಕೊಟ್ಟ ಮೇಲೆ ಅನುಮಾನ ಮನೆಗೆ ತಿರುಗಿತು. ಕೆಲಸಕ್ಕೆ ಹೊರಡುವಾಗ ಸಕ್ಕರೆ ಡಬ್ಬಿಯನ್ನು ತೂಗಿ, ಬಂದೊಡನೆ ಮತ್ತೆ ತೂಗತೊಡಗಿದರು. ಬಾಯಿಬಿಟ್ಟು ಒಂದು ಮಾತೂ ಅನ್ನಲಿಲ್ಲ. ಅತ್ತೆಗೆ ಮಾತ್ರ ಅದು ಸಾವಿರ ಮಾತಿನಷ್ಟು ಚುಚ್ಚುತ್ತಿತ್ತು. "ನನ್ನ ಕೈಯಲ್ಲೇ ಏನೋ ದೋಷ ಇರಬೇಕು" ಎಂದು ಅವರು ಕಣ್ಣೊರೆಸಿಕೊಂಡಾಗ ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಡಬ್ಬಿ ಒಂದು ಗ್ರಾಮೂ ತಪ್ಪುತ್ತಿರಲಿಲ್ಲ. ಮಾವನ ಗೊಂದಲ ಅದರಿಂದ ಇನ್ನಷ್ಟು ಹೆಚ್ಚಿತು.

ಒಂದು ಮಧ್ಯಾಹ್ನ ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ಯಲು ಅವರ ವರ್ಕ್‌ಶಾಪಿಗೆ ಹೋದೆ. "ಇರಮ್ಮ, ನಾಲ್ಕು ಗಂಟೆಗೆ ನನ್ನದೊಂದು ಕಾಫಿ ಇರುತ್ತೆ" ಎಂದು ಎದುರು ಬೀದಿಗೆ ಕರೆದುಕೊಂಡು ಹೋದರು. ಎಲ್ಲ ಊರಿನಲ್ಲೂ ಒಂದೇ ಬಣ್ಣದ ಬೋರ್ಡು, ಒಂದೇ ತರಹದ ಕುರ್ಚಿ ಇರುವ ಆ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಒಂದು ಅದು. ಮಾವ ಬಾಯಿ ತೆರೆಯುವ ಮೊದಲೇ ಕೌಂಟರಿನ ಹುಡುಗಿ ಮೊಳದುದ್ದದ ಪ್ಲಾಸ್ಟಿಕ್ ಲೋಟ ತಂದಿಟ್ಟಳು. ಕೆಳಗೆ ಮಂಜುಗಡ್ಡೆಯ ಕಾಫಿ, ಮೇಲೆ ಗೋಪುರದಂತೆ ಕ್ರೀಮು, ಅದರ ಮೇಲೆ ಕಂದು ಪಾಕದ ಗೆರೆಗಳು. ಜೊತೆಗೆ ಎರಡು ಸಕ್ಕರೆ ಪೊಟ್ಟಣ. ಮಾವ ಆ ಪೊಟ್ಟಣಗಳನ್ನು ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿ, ತಪಸ್ವಿಯ ಗಾಂಭೀರ್ಯದಿಂದ, "ಸಕ್ಕರೆ ಬೇಡಮ್ಮ, ನನಗೆ ಆಗಲ್ಲ" ಎಂದರು. ನಾನು ಕಕ್ಕಾಬಿಕ್ಕಿಯಾಗಿ ನಿಂತೆ.

"ಎಷ್ಟು ದಿನದಿಂದ ಕುಡೀತಿದೀರಿ ಮಾವ?"

"ಎರಡು ವರ್ಷ ಆಯ್ತೇನೋ. ಇವರ ತಕ್ಕಡಿ ಸರಿಮಾಡಿಕೊಟ್ಟೆ ನೋಡು, ಅವತ್ತು ಒಂದು ಲೋಟ ಕೊಟ್ರು. ಆಮೇಲೆ ದಿನಾ ಬರ್ತೀನಿ. ತಂಪಾಗಿರುತ್ತೆ."

"ಇದನ್ನ ಯಾವತ್ತಾದ್ರೂ ತೂಗಿದೀರಾ?"

ಅವರು ನಿಜಕ್ಕೂ ಬೆರಗಾದರು. "ಕುಡಿಯೋದನ್ನ ಯಾರಾದ್ರೂ ತೂಗ್ತಾರೇನಮ್ಮ? ತಿನ್ನೋದಕ್ಕೆ ತೂಕ, ಕುಡಿಯೋದಕ್ಕೆ ಅಳತೆ. ನನ್ನದು ತೂಕದ ಕಸುಬು."

ಗೋಡೆಯ ಪಟ್ಟಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಆ ಪಾನೀಯದ ಕ್ಯಾಲೊರಿ ಬರೆದಿತ್ತು: ಐನೂರಕ್ಕೂ ಮೇಲೆ. ನಾನು ಓದಿ ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು, ಕಾಣಲಿಲ್ಲ. "ಕ್ಯಾಲೊರಿಗೆ ಕಲ್ಲು ಎಲ್ಲಿದೆ? ನಾನು ನಂಬಲ್ಲ" ಎಂದು, ಕುಡಿಯದ ಲೋಟವನ್ನು ಹಿಡಿದು ಸೀದಾ ವರ್ಕ್‌ಶಾಪಿಗೆ ನಡೆದರು.

ಅಲ್ಲಿ ಧಾನ್ಯದಲ್ಲಿ ತೇವ ಎಷ್ಟಿದೆಯೆಂದು ನೋಡುವ ಒಂದು ಹಳೆಯ ಯಂತ್ರವಿತ್ತು. ಪುಟ್ಟ ತಟ್ಟೆಯ ಮೇಲೆ ದೀಪ ಉರಿಯುತ್ತದೆ, ನೀರೆಲ್ಲ ಆರಿಹೋಗುತ್ತದೆ, ಉಳಿದ ಗಟ್ಟಿ ಪದಾರ್ಥದ ತೂಕವನ್ನು ಮುಳ್ಳು ಹೇಳುತ್ತದೆ. ಮಾವ ಲೋಟವನ್ನು ಚೆನ್ನಾಗಿ ಕಲಕಿ ಹತ್ತು ಗ್ರಾಂ ಸುರಿದರು. ದೀಪ ಹತ್ತಿತು, ಪಾಕ ಸೀದ ವಾಸನೆ ಕೋಣೆಯನ್ನು ತುಂಬಿತು. ಕೊನೆಗೆ ತಟ್ಟೆಯ ತಳದಲ್ಲಿ ಅಂಟಂಟಾದ ಕಂದು ಪದರವೊಂದು ಉಳಿಯಿತು. ಎರಡು ಗ್ರಾಂ. ಲೋಟದ ಪೂರ್ತಿ ಲೆಕ್ಕಕ್ಕೆ ತೊಂಬತ್ತು.

"ಇದೆಲ್ಲ ಸಕ್ಕರೆ ಅಲ್ಲ, ಹಾಲಿನ ಜಿಡ್ಡೂ ಇದೆ" ಎಂದು ಮಾವ ಲೋಟದ ಪರ ವಕಾಲತ್ತು ವಹಿಸಿದರು. ಆಮೇಲೆ ತಾವೇ ಮೆತ್ತಗಾಗಿ, "ಮುಕ್ಕಾಲು ಪಾಲು ಅಂತ ಇಟ್ಕೊಂಡ್ರೂ..." ಎಂದು ಬೆರಳು ಮಡಚತೊಡಗಿದರು. ಅವರ ಬೆಳಗಿನ ಕಾಫಿಯ ಇಪ್ಪತ್ತೆರಡು ದಿನದ ಸಕ್ಕರೆ ಅದು. ಕಲ್ಲು ಬದಲಿಸಿ, ತಟ್ಟೆ ತೊಳೆದು ಮೂರು ಸಲ ತೂಗಿದರು. ಮುಳ್ಳು ಮೂರು ಸಲವೂ ಅಲ್ಲೇ ನಿಂತಿತು.

"ಮುಳ್ಳು ಸರಿಯಾಗೇ ಇದೆ" ಎಂದರು. ಆಮೇಲೆ ದಾರಿ ತಪ್ಪಿದವರಂತೆ ನನ್ನ ಮುಖ ನೋಡಿ ಕೇಳಿದರು: "ಹಾಗಾದ್ರೆ ನಿಮ್ಮತ್ತೆ ಕದ್ದು ಸಕ್ಕರೆ ಹಾಕ್ತಿರಲಿಲ್ವಾ?"

ನನಗೆ ಅಳು ಬಂತು. ಅವರಿಗೆ ಗೊತ್ತಿದ್ದೂ ಗೊತ್ತಿಲ್ಲದಂತಿದ್ದರೋ, ನಿಜವಾಗಿಯೂ ಗೊತ್ತಿರಲಿಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ. ಎರಡು ವರ್ಷ ದಿನವೂ ಕ್ರೀಮನ್ನು ನಾಲಿಗೆಯಲ್ಲಿಟ್ಟುಕೊಂಡವರಿಗೆ ಅದು ಸಿಹಿಯೆಂದು ಗೊತ್ತಾಗದೆ ಇರಲು ಸಾಧ್ಯವೇ? ಸುಳ್ಳು ಹೇಳುವ ಮನುಷ್ಯನೂ ಅವರಾಗಿರಲಿಲ್ಲ.

ಲೋಟ ನಿಂತಿತು, ಸಕ್ಕರೆ ಇಳಿಯಿತು, ಕಣ್ಣಿನ ರಕ್ತವೂ ನಿಂತಿತು. ಹೋದ ದೃಷ್ಟಿ ಹೋದದ್ದೇ. ಈಗ ಬಲಗಣ್ಣಿಗೆ ಒಂದು ಮುಳ್ಳು ಎರಡಾಗಿ ಕಾಣುತ್ತದಂತೆ. ಮಧ್ಯಾಹ್ನಗಳಲ್ಲಿ ಅತ್ತೆ ವರ್ಕ್‌ಶಾಪಿಗೆ ಹೋಗಿ ಅವರ ಪಕ್ಕ ಕೂರುತ್ತಾರೆ. "ಎಲ್ಲಿ ನಿಂತಿದೆ ನೋಡೇ" ಎನ್ನುತ್ತಾರೆ ಮಾವ. ಅತ್ತೆ ಹೇಳಿದ ಅಂಕಿಯನ್ನು ಮರುಮಾತಿಲ್ಲದೆ ಒಪ್ಪುತ್ತಾರೆ. ಸಕ್ಕರೆ ಡಬ್ಬಿಯ ಬಗ್ಗೆ ಅವರಿಬ್ಬರೂ ಇದುವರೆಗೆ ಮಾತಾಡಿಲ್ಲ.

ಅಳೆದು ತೂಗಿ ಬಾಳುವ ಜನರ ರೀತಿಯೇ ಹೀಗಿರಬಹುದು. ತಮಗೆ ಪ್ರಿಯವಾದದ್ದೊಂದನ್ನು ಮೊದಲೇ ತಟ್ಟೆಯಲ್ಲಿಟ್ಟು ಸೊನ್ನೆಯ ಗುಂಡಿ ಒತ್ತಿಬಿಡುತ್ತಾರೆ. ಆಮೇಲೆ ಲೋಕವನ್ನೆಲ್ಲ ಅವರು ತೂಗುವುದು ಕರಾರುವಾಕ್ಕಾಗಿಯೇ ಇರುತ್ತದೆ. ತಕ್ಕಡಿ ಮರೆತ ಆ ಭಾರವನ್ನು ಮಾತ್ರ ಅದೇ ಮನೆಯಲ್ಲಿ ಇನ್ನೊಬ್ಬರು, ಏಕೆಂದು ತಿಳಿಯದೆ, ಹೊರುತ್ತಿರುತ್ತಾರೆ.