ಗೇರ್‌ಬಾಕ್ಸಿನ ಮೇಲೊಂದು ಅಂಗೈ

ಕೌಜಲಗಿಯ ಮಾಯಪ್ಪನಿಗೆ ಲಾರಿ ಓಡಿಸುವುದಕ್ಕಿಂತ ನಿಲ್ಲಿಸುವುದರಲ್ಲೇ ಹೆಚ್ಚು ಪ್ರೀತಿ ಎಂದು ಸುತ್ತಲಿನ ಹತ್ತೂರಿನ ಜನ ನಗುತ್ತಿದ್ದರು. ಎಂಥ ಅವಸರದ ಬಾಡಿಗೆಯೇ ಇರಲಿ, ದೊಡ್ಡ ಏರು ಬಂದರೆ ಸಾಕು, ನಡುದಾರಿಯಲ್ಲಿ ಲಾರಿಯನ್ನು ಬಾಜೂಕ್ಕೆ ತಂದು, ಕಾಲ ಬಳಿಯ ಹಲಗೆಯನ್ನೆತ್ತಿ, ಗೇರ್‌ಬಾಕ್ಸಿನ ಬೀಡುಕಬ್ಬಿಣದ ಮೈಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಎಣಿಸುತ್ತಿದ್ದ. ಇಪ್ಪತ್ತರವರೆಗೆ ಅಂಗೈ ತಾಳಿದರೆ ಪಯಣ; ತಾಳದಿದ್ದರೆ ಗಿಡದ ನೆರಳು. ಯಾರು ಎಷ್ಟು ಗೊಣಗಿದರೂ ಅವನ ಉತ್ತರ ಒಂದೇ: “ನೋಡೂಣು, ತಡೀರಿ.” ಹೀಗಾಗಿ ಅವನ ಮನೆತನದ ಹೆಸರು ಮರೆತು ಹೋಗಿ ‘ತಡೀರಿ ಮಾಯಪ್ಪ’ ಎಂಬುದೇ ಉಳಿಯಿತು.

ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಯೊಂದನ್ನು ವರ್ಧಮಾನ ಸಾಹುಕಾರರು ಊರಿಗೆ ತಂದಾಗ, ಅದರ ಸ್ವಭಾವ ಬಲ್ಲವನು ದಂಡಿನಿಂದ ಮರಳಿದ್ದ ಈತನೊಬ್ಬನೇ. ಗುಂಡಿಗಳೆಲ್ಲ ಉದುರಿ ಸುತಳಿಯ ಆಸರೆಯಲ್ಲಿ ನಿಂತಿದ್ದ ಖಾಕಿ ಕೋಟನ್ನು ವೈಶಾಖದ ಉರಿಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ. ನೆಲದ ಮೇಲೆ ನಡೆಯುವಾಗಲೂ ಎಡಗಾಲನ್ನು ಕ್ಲಚ್ಚು ಒತ್ತಿದವನಂತೆ ಅರೆಗಳಿಗೆ ಹೆಚ್ಚು ಊರುತ್ತಿದ್ದ. ಸೀಟಿನ ಕೆಳಗಿನ ಗೇರ್ ಎಣ್ಣೆಯ ಡಬ್ಬಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಸಾಹುಕಾರರ ಹೆಂಡತಿ ಕಮಲಾಬಾಯಿ ಕಿಟಕಿಯಿಂದಲೇ ಅವನನ್ನು ಕಾಡಿಸುತ್ತಿದ್ದರು. “ಏನೋ ಮಾಯಪ್ಪಾ, ಲಾರಿಗೆ ಬಾಣಂತನ ಮಾಡಾಕತ್ತಿ ಏನು?”

“ಹೌದ್ರಿ ಅವ್ವಾರ. ಮೈ ಸುಡಾಕತ್ತೈತಿ ಅಂತ ಹೇಳಾಕ ಅದಕ್ಕ ಬಾಯಿಲ್ರಿ.”

ಐವತ್ಮೂರರ ಬೇಸಿಗೆಯಲ್ಲಿ ಆ ತಮಾಷೆ ನಿಂತಿತು. ಎರಡು ದಿನದಿಂದ ಹೊಟ್ಟೆಯ ಬಲಮಗ್ಗುಲಿನ ನೋವಿಗೆ ಕಮಲಾಬಾಯಿ ಹಾಸಿಗೆಯಲ್ಲಿ ಹೊರಳಾಡುತ್ತಿದ್ದರು. ನೋಡಲು ಬಂದ ಡಾಕ್ಟರರು, ಕರುಳು ಬಾತಿದೆ, ಹೊತ್ತು ಮುಳುಗುವುದರೊಳಗೆ ಬೆಳಗಾವಿ ಮುಟ್ಟಿ ಕೊಯ್ಯಿಸದಿದ್ದರೆ ಒಡೆದುಬಿಡುತ್ತದೆ ಎಂದರು. ಲಾರಿಯ ಮುಂದಿನ ಸೀಟಿನಲ್ಲಿ ಗಂಡನ ತೊಡೆಯ ಮೇಲೆ ತಲೆಯಿಟ್ಟು ಅವರು ಹೊರಟಾಗ ಬಿಸಿಲು ನೆತ್ತಿಗೇರಿತ್ತು.

ಗೋಕಾಕ ದಾಟಿ ಗುಡ್ಡದ ಏರು ಅರ್ಧ ಮುಗಿದಿತ್ತು. ಗೇರ್‌ಬಾಕ್ಸು ಗೊರಗೊರ ಎಂದಿತು; ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮಾಯಪ್ಪ ನಿಲ್ಲಿಸಿ ಅಂಗೈ ಊರಿದ. ಮೂರು ಎಣಿಸುವಷ್ಟರಲ್ಲಿ ಕೈ ಹಿಂದಕ್ಕೆ ಬಂತು.

“ನಡೀ ಮುಂದ,” ಎಂದರು ವರ್ಧಮಾನರು. “ಆಕಿ ಜೀವಾ ಹೋಗಾಕತ್ತೈತಿ, ನಿನಗ ಲಾರಿ ಚಿಂತಿ ಏನು?”

“ಆ ಜೀವಕ್ಕಂತನ ನಿಂತೇನ್ರಿ ಸಾವಕಾರ್ರ. ಹಿಂಗ ಹೋದ್ರ ಗೇರಿನ ಹಲ್ಲು ಹಿಡಕೊಂಡು ಇಲ್ಲೇ ಕುಂದರತೈತಿ. ಮುಂದ ಹೊತ್ಕೊಂಡು ಹೋಗಾಕ ಯಾರದಾರ?”

ವರ್ಧಮಾನರು ಕುಡಿಯುವ ನೀರಿನ ಕೊಡವನ್ನು ಗೇರ್‌ಬಾಕ್ಸಿನ ಮೇಲೆ ಸುರಿಯಲು ಎತ್ತಿದರು. ಕಾದ ಬೀಡು ತಣ್ಣೀರಿಗೆ ಬಿರಿಯುತ್ತದೆಂದು ಮಾಯಪ್ಪ ಕೈಯಡ್ಡ ಹಿಡಿದು, ಕೊಡವನ್ನು ಕೆಳಗಿರಿಸಿ, ಅಡಿಯಲ್ಲಿ ಅಂಗಾತ ಮಲಗಿ ಒಳಗಿನ ಎಣ್ಣೆಯನ್ನು ಬಸಿದ. ಬಂದದ್ದು ಮಸಿಗಪ್ಪಿನ ರಾಡಿ. ಎರಡು ಬೆರಳ ನಡುವೆ ತಿಕ್ಕಿ ಮೂಸಿದವನು ಸಾಹುಕಾರರತ್ತ ತಲೆಯೆತ್ತಿ ನೋಡಿದ.

ಗಂಡನ ಮುಖ ಕಪ್ಪಿಟ್ಟದ್ದನ್ನು ಕಮಲಾಬಾಯಿ ಆ ನೋವಿನಲ್ಲೂ ಕಂಡರು. ಬೆಳಗ್ಗೆ ಮಾಯಪ್ಪ ರೊಟ್ಟಿ ತಿನ್ನಲು ಹೋದಾಗ, ದಾರಿಯಲ್ಲಿ ಲಾರಿ ಕೈಕೊಡದಿರಲೆಂದು ವರ್ಧಮಾನರೇ ಒಂದು ಗಡಿಗೆ ಕೀಲೆಣ್ಣೆಯನ್ನು ಗೇರ್‌ಬಾಕ್ಸಿಗೆ ಹೊಯ್ದಿದ್ದರು; ಆ ಗಡಿಗೆ ಲಾರಿಯತ್ತ ಹೋದದ್ದನ್ನು ಕಮಲಾಬಾಯಿ ಹಾಸಿಗೆಯಿಂದಲೇ ಕಂಡಿದ್ದರು. ಚಕ್ಕಡಿಯ ಅಚ್ಚಿಗೆ ಸವರುವ, ಔಡಲೆಣ್ಣೆಗೆ ಹುಲ್ಲಿನ ಬೂದಿ ಕಲಸಿದ ಕೀಲೆಣ್ಣೆ ಅದು. ಅಜ್ಜನ ಕಾಲದಿಂದ ಅವರ ಮನೆಯ ಗಾಲಿಗಳೆಲ್ಲ ಅದರಿಂದಲೇ ಉರುಳಿದ್ದವು. ಆ ಬೂದಿ ಗೇರಿನ ಹಲ್ಲುಗಳನ್ನು ಅರೆಯುತ್ತದೆಂದು ವರ್ಧಮಾನರಿಗೇನು ಗೊತ್ತು? ಹೆಂಡತಿಯ ಮೇಲಿನ ಪ್ರೀತಿಯೇ ಅವರ ಕೈಯಿಂದ ಈ ಅನಾಹುತ ಮಾಡಿಸಿತ್ತು.

ಮಾಯಪ್ಪ ತನ್ನ ಗೇರ್ ಎಣ್ಣೆಯ ಡಬ್ಬಿಯನ್ನು ತಂದು ಮತ್ತೆ ಲಾರಿಯಡಿ ಮಲಗಿದ. “ಈ ಡಬ್ಬಿ ಹಿಡೀರಿ,” ಎಂದ ಅಷ್ಟೆ. ಅವನ ಕೈಯಿಂದ ನೇರವಾಗಿ ಏನನ್ನೂ ಇಸಿದುಕೊಳ್ಳದ, ನೆಲಕ್ಕಿರಿಸಿದ ಮೇಲೆಯೇ ಎತ್ತಿಕೊಳ್ಳುತ್ತಿದ್ದ ವರ್ಧಮಾನರು ಬಿಳಿ ಧೋತರದಲ್ಲೇ ಲಾರಿಯ ಕೆಳಗೆ ತೆವಳಿ ಹೋಗಿ ಅವನ ಪಕ್ಕ ಮಲಗಿದರು. ಕಬ್ಬಿಣ ಆರಿದ ಮೇಲೆ ಲಾಟೀನಿಗೆಂದು ಲಾರಿಯಲ್ಲಿಟ್ಟಿದ್ದ ಸೀಮೆಎಣ್ಣೆ ಹಾಕಿ ಎರಡು ಸಲ ತೊಳೆದು, ಸೀಟಿನ ಕೆಳಗಿನ ಒಳ್ಳೆಯ ಎಣ್ಣೆ ತುಂಬುವಷ್ಟರಲ್ಲಿ ಒಂದು ತಾಸು ಸರಿದುಹೋಯಿತು. ಉಳಿದ ಏರನ್ನು ಮಾಯಪ್ಪ ಮೊದಲ ಗೇರಿನಲ್ಲೇ ಸಾವಕಾಶವಾಗಿ ಹತ್ತಿದ. ಬೆಳಗಾವಿ ಮುಟ್ಟಿದಾಗ ಬಿಸಿಲು ಇನ್ನೂ ಮಾಳಿಗೆಗಳ ಮೇಲಿತ್ತು, ಕರುಳು ಒಡೆದಿರಲಿಲ್ಲ.

ತಿಂಗಳ ಮೇಲೆ ಕಮಲಾಬಾಯಿ ಮನೆಗೆ ಮರಳಿದ ದಿನ, ಮೈದುನ ಧರಣೇಂದ್ರ ಅಂಗಳದಲ್ಲಿ ನಾಲ್ಕು ಜನರೆದುರು ಮಾಯಪ್ಪನನ್ನು ನಿಲ್ಲಿಸಿಕೊಂಡು, ಸಾಯುವವಳನ್ನು ದಾರಿಯಲ್ಲಿ ಒಂದು ತಾಸು ಕೂರಿಸಿದ ನಿನಗೆ ಇನ್ನು ಲಾರಿ ಕೊಡುವುದಿಲ್ಲ ಎಂದು ಗದರಿದ. ಮಾಯಪ್ಪ ಕೋಟಿನ ಸುತಳಿ ಹಿಡಿದು ನಿಂತಿದ್ದ. “ಖರೆ ಐತ್ರಿ. ಹೊಂಡೂ ಮುಂಚೆ ಲಾರಿ ನಾ ಸರಿಯಾಗಿ ನೋಡಲಿಲ್ರಿ.”

ವರ್ಧಮಾನರು ನೆಲ ನೋಡುತ್ತಿದ್ದರು. ಬಾಗಿಲ ಚೌಕಟ್ಟು ಹಿಡಿದು ಹೊರಬಂದವರು ಕಮಲಾಬಾಯಿ. “ಅದಕ್ಕ ಕೀಲೆಣ್ಣಿ ಹಾಕಿದವರು ನಮ್ಮನಿಯವರು. ನನ್ನ ಉಳಿಸಿದಾವ ಈತ. ಲಾರಿ ಈತನ ಕೈಯಾಗ ಇರತೈತಿ.”

ಆಗ ವರ್ಧಮಾನರು ತಲೆಯೆತ್ತಿದರು. “ಆಕಿ ಹೇಳೂದು ಖರೆ ಐತಿ,” ಎಂದರು.

ಮಾಯಪ್ಪನಂಥವರು ಲೋಕದಲ್ಲಿ ವಿರಳರೇನಲ್ಲ. ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ, ನಮ್ಮ ಅವಸರಕ್ಕೆ ಅಡ್ಡ ನಿಂತು ಬೈಸಿಕೊಳ್ಳುತ್ತಿರುತ್ತಾರೆ. ಜೀವ ಉಳಿಸಿದವರಿಗೆ ಕೈಮುಗಿಯುವುದು ಸುಲಭ. ನಮ್ಮ ಮಾನ ಉಳಿಯಲೆಂದು ನಮ್ಮ ತಪ್ಪನ್ನೂ ತಮ್ಮದೆಂದು ಒಪ್ಪಿಕೊಂಡು ಸುಮ್ಮನೆ ನಿಲ್ಲುವವರ ಋಣವೇ ದೊಡ್ಡದು. ಅವರಾಗಿ ಅದನ್ನು ಎಂದೂ ಹೇಳುವುದಿಲ್ಲ, ಹೇಳಬೇಕಾದವರು ನಾವು.